ಅತ್ತೆ ಕೊಡದ ನೀರು

ಆಗಿನ್ನೂ ಮಹಾರಾಜರ ಕಾಲ. ಮಧುಗಿರಿ ಸೀಮೆಯ ಒಂದು ಸಣ್ಣ ಆಸ್ಪತ್ರೆಗೆ ಹೊಸದಾಗಿ ನರ್ಸ್ ಆಗಿ ಸೇರಿದ್ದೆ. ತಲೆಯ ಮೇಲೆ ಬಿಳಿ ಟೋಪಿ ಬಂದಿದ್ದೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಹಿರಿಯ ನರ್ಸಮ್ಮ ಒಂದೇ ವಾರದಲ್ಲಿ ಅದನ್ನು ನೆಲದ ಮೇಲೆ ನಿಲ್ಲಿಸಿದರು.

"ಹೊಟ್ಟೆನೋವು ಅಂತ ಬಂದವರ ಹೊಟ್ಟೆಗೆ ಮೊದಲೇ ಕೈ ಹಾಕಬೇಡ. ಮುಖ ನೋಡು, ನಾಲಿಗೆ ನೋಡು, ಮುಂಗೈ ಚರ್ಮ ಚಿವುಟಿ ನೋಡು. ಮೂತ್ರ ಯಾವಾಗ ಆಯ್ತು ಅಂತ ಕೇಳು. ಹೊಟ್ಟೆ ಆಮೇಲೆ" ಎನ್ನುತ್ತಿದ್ದರು. ಬಾಯಿ ಜೋರು, ಕೈ ಮಾತ್ರ ಹೂವು. ಅವರ ಹತ್ತಿರ ಬೈಸಿಕೊಂಡ ದಿನಗಳು ಮತ್ತೆ ಬರಬಾರದೇ ಅನ್ನಿಸುತ್ತದೆ ಈಗ.

ಒಂದು ಬೇಸಿಗೆಯ ಮಧ್ಯಾಹ್ನ ಪುರವರದ ಕಡೆಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಎತ್ತಿನ ಗಾಡಿಯಲ್ಲಿ ಕರೆತಂದಳು. ಎರಡು ದಿನದಿಂದ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ನಾನು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ. ನೀರು ಕುಡಿದಿದ್ದಾಳಾ? "ಕುಡ್ದವ್ಳೆ." ಮೂತ್ರ? "ಎಲ್ಲಾ ಆಗೈತೆ ಕಣಮ್ಮ." ಸೊಸೆ ಕೋಲೆ ಬಸವನ ಹಾಗೆ ತಲೆಯಾಡಿಸಿದಳು. ನಾನೂ ಹಾಗೇ ಬರೆದುಕೊಂಡೆ.

ಹಿರಿಯ ನರ್ಸಮ್ಮ ಬಂದು ಹುಡುಗಿಯ ಮುಂಗೈ ಚಿವುಟಿದರು. ಚರ್ಮದ ಮಡಿಕೆ ಇಳಿಯದೆ ಹಾಗೇ ನಿಂತಿತು. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು, ನಾಡಿ ಸಿಗುವುದೇ ಕಷ್ಟವಾಗಿತ್ತು. ಹೊಟ್ಟೆ ಮಾತ್ರ ಮೆತ್ತಗಿತ್ತು. ಅವರು ಅತ್ತೆಯನ್ನು ಗಂಜಿ ಕಾಯಿಸಲು ಹೊರಗಿನ ಒಲೆಗೆ ಕಳಿಸಿ, ನನ್ನ ಕಡೆ ತಿರುಗಿದರು.

"ಅತ್ತೆ ಎದುರಿಗೆ ಸೊಸೆ ಇಂಥದ್ದಕ್ಕೆಲ್ಲ ಬಾಯಿ ಬಿಡ್ತಾಳೇನೇ? ನೀನೂ ಈ ಸೀಮೆಯವಳೇ ತಾನೇ?"

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ಪಿಸುಗುಟ್ಟಿದಳು: "ನಿನ್ನೆ ಬೆಳಗ್ಗೆಯಿಂದ ಮೂತ್ರ ಒಂದ್ ತೊಟ್ಟೂ ಆಗಿಲ್ಲ ಕಣಕ್ಕ. ನೀರೇ ಕೊಟ್ಟಿಲ್ಲ. ಕುಡುದ್ರೆ ಭೇದಿ ಇನ್ನೂ ಜಾಸ್ತಿ ಆಗ್ತೈತಂತೆ." ಅಳುತ್ತಿದ್ದಳು, ಆದರೆ ಕಣ್ಣಲ್ಲಿ ನೀರಿರಲಿಲ್ಲ.

ಡಾಕ್ಟರು ಓಡಿ ಬಂದು ಸೂಜಿ ಚುಚ್ಚಿ ಉಪ್ಪುನೀರು ಇಳಿಸಿದರು. ನಾನು ಪಕ್ಕದಲ್ಲೇ ಕೂತು ಚಮಚದಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಇವಳು ಸತ್ತರೆ ನಾನು ಬರೆದುಕೊಂಡ ಸುಳ್ಳಿನಿಂದಲೇ ಸತ್ತಂತೆ ಎಂದು ಒಂದೇ ಸಮನೆ ಅನ್ನಿಸುತ್ತಿತ್ತು. ಹೊತ್ತು ಇಳಿಯುವಾಗ ಅವಳಿಗೆ ಮೂತ್ರವಾಯಿತು. ಬೆಡ್‌ಪ್ಯಾನ್ ಹಿಡಿದುಕೊಂಡು ನಾನು ಕುಣಿಯುವುದೊಂದು ಬಾಕಿ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದಳು: "ನೀರು ಕುಡುದ್ರೆ ಬದುಕ್ತಾರಾ?"

ನನಗೆ ರೇಗಿತು. "ನೀರಿಲ್ಲದೆ ಸಾಯ್ತಾರೆ! ಕುಡಿದವ್ಳೆ ಅಂತ ಸುಳ್ಳು ಯಾಕೆ ಹೇಳಿದಿರಿ?" ಎಂದು ಗದರಿದೆ.

"ಬೈತೀರಾ ಅಂತ" ಎಂದವಳು ಗೋಡೆ ಹಿಡಿದು ಕುಸಿದು ಕೂತಳು. "ಹೋದ್ ವರ್ಷ ನನ್ ಮಗ್ಳಿಗೂ ಇಂಗೇ ಆಗಿತ್ತು. ನೀರು, ನೀರು ಅಂತ ಬಡ್ಕೊಂಡ್ಳು. ಉಳ್ಕಳ್ಲಿ ಅಂತ ನಾನೇ ಕೊಡ್ಲಿಲ್ಲ ಕಣಮ್ಮ."

ಹಿರಿಯ ನರ್ಸಮ್ಮ ಅವಳ ಪಕ್ಕ ನೆಲದ ಮೇಲೇ ಕೂತು ಬೆನ್ನ ಮೇಲೆ ಕೈಯಿಟ್ಟರು.

"ಅದು ಬೇರೆ ಕಾಯಿಲೆ ಕಣವ್ವ. ನೀರು ಕೊಟ್ಟಿದ್ರೂ ಉಳೀತಿರ್ಲಿಲ್ಲ" ಎಂದರು.

ಆ ಮಗಳನ್ನು ಅವರು ಕಣ್ಣಿಂದಲೂ ನೋಡಿರಲಿಲ್ಲ.