ಹೋಳಿಗೆ ತಾಳುವಷ್ಟು ದೂರ

ಚಾಮರಾಜಪೇಟೆಯಲ್ಲಿ ತಿಂಡಿ ಅಂಗಡಿ ಇಟ್ಟಿರುವ ಕಲ್ಯಾಣಮ್ಮನವರ ಭೂಗೋಳವೆಂದರೆ, ಯಾವ ತಿಂಡಿ ಯಾವ ದೇಶದವರೆಗೆ ಕೆಡದೆ ಹೋಗುತ್ತದೆ ಎಂಬುದಷ್ಟೇ. ವಿಮಾನ ನಿಲ್ದಾಣವನ್ನು ಕಣ್ಣಾರೆ ಕಂಡವರಲ್ಲ, ಆದರೂ ಗಿರಾಕಿ ಬಾಯಿ ತೆರೆಯುವ ಮೊದಲೇ, "ಯಾವೂರಿಗೆ? ಎಷ್ಟು ಗಂಟೆ ಹಾರುತ್ತೆ? ಮಧ್ಯೆ ಇಳಿದು ಹತ್ಬೇಕಾ?" ಎಂದು ವಿಚಾರಣೆ ಶುರುಮಾಡುತ್ತಾರೆ. ಲಂಡನ್ ಎಂದರೆ ಬೇಳೆ ಹೋಳಿಗೆಗೆ ಒಪ್ಪಿಗೆ. ಟೊರಾಂಟೊ ಎಂದರೆ, "ಅಷ್ಟು ದೂರಕ್ಕೆ ಬೇಳೇದು ಹಳಸ್ಹೋಗುತ್ತಮ್ಮ, ಕಾಯಿ ಹೋಳಿಗೆ ತಗೊಳ್ಳಿ." ಆಕ್ಲೆಂಡಿನವರಿಗೆ ಕೋಡುಬಳೆ ಬಿಟ್ಟು ಬೇರೇನನ್ನೂ ಮುಟ್ಟಗೊಡುವುದಿಲ್ಲ; ಪೈಲಟ್ಟೇ ಬಂದು ಹೇಳಿದರೂ ಕೇಳುವವರಲ್ಲ. ಕವರಿನ ಗಾಳಿ ತೆಗೆದು, ಮೇಲೆ ಮೂರು ಸುತ್ತು ಕಾಗದ ಸುತ್ತಿ, "ಇನ್ನು ಪ್ರಪಂಚ ಸುತ್ತಿ ಬನ್ನಿ" ಎಂದು ಕೈಗಿಡುತ್ತಾರೆ. ಪ್ರತಿ ಯುಗಾದಿಗೂ ಹೀಗೇ ಕಟ್ಟಿದ ಒಂದು ಪೊಟ್ಟಣ ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಅದು ತಂಗಿ ನೀಲಾಂಬಿಕೆಗೆಂದು ಕಟ್ಟಿದ್ದು. ಅಕ್ಕತಂಗಿಯರು ಮಾತು ಬಿಟ್ಟು ಎಷ್ಟೋ ವರ್ಷಗಳಾದವು. ತಂಗಿಯ ಮನೆ ಇಲ್ಲೇ ಹನುಮಂತನಗರದಲ್ಲಿ. ಆಟೊ ಹತ್ತಿದರೆ ಹೋಳಿಗೆಯ ಬಿಸಿ ಆರುವುದರೊಳಗೆ ತಲುಪಬಹುದು. "ಇದ್ಯಾವ ದೇಶಕ್ಕೆ ಕಲ್ಯಾಣಮ್ಮ, ಇನ್ನೂ ಇಲ್ಲೇ ಇದೆ?" ಎಂದು ಯಾರಾದರೂ ಕೇಳಿದರೆ, ಪೊಟ್ಟಣದ ಮೇಲಿನ ಧೂಳು ಒರೆಸುತ್ತಾ ಹೇಳುತ್ತಾರೆ: "ಅದು ತುಂಬಾ ದೂರ ಕಣ್ರೀ. ಇನ್ನೂ ಟಿಕೆಟ್ ಆಗಿಲ್ಲ."