ಕಸ್ತೂರೆವ್ವನ ಗಂಜಿ ಕೆಟ್ಟಿರಲಿಲ್ಲ

ಹದಿನಾಲ್ಕು ವರ್ಷದ ಹಿಂದೆ ಬನಹಟ್ಟಿಯ ನಮ್ಮ ಓಣಿಯ ಕಟ್ಟೆಯ ಹತ್ತಿರ, ಇಪ್ಪತ್ತು ಮೂವತ್ತು ಮಂದಿಯ ಮುಂದೆ, ನಾನೊಂದು ಸುಳ್ಳು ಹೇಳಿದೆ. ಬಹಳ ಸಣ್ಣ ಸುಳ್ಳು — "ಏನೂ ಇಲ್ಲ" ಎಂಬ ಎರಡೇ ಶಬ್ದ. ಆ ಎರಡು ಶಬ್ದದಿಂದ ಕಸ್ತೂರೆವ್ವ ಎಂಬ ಹೆಣ್ಣುಮಗಳ ಕೈಗೆ ಕೆಟ್ಟ ಹೆಸರು ಬಂತು. ಕೈಗೆ ಎಂದೆ — ಆಕೆಗೆ ಹೆಸರು ಅಂತ ಇದ್ದದ್ದು ಆ ಕೈಯಿಂದಲೇ.

ಸಾವಕಾಶ ಹೇಳುತ್ತೇನೆ. ಎಪ್ಪತ್ತಾರು ಆಯಿತು ನನಗೆ. ಮೆಟ್ಟಿಲನ್ನೂ ಈಗ ಒಂದೊಂದಾಗಿಯೇ ಇಳಿಯುವುದು.

ನಾನು ಜಮಖಂಡಿಯವಳು. ಹುನ್ನೂರಿನಲ್ಲಿ ಹೊಲ, ಪೇಟೆಯಲ್ಲಿ ಅಂಗಡಿ ಇದ್ದ ಮನೆ. ಮಗಳಿಗೆ ಇಂಗ್ಲಿಷ್ ಬರಬೇಕೆಂದು ಅಪ್ಪನಿಗೆ ಒಂದು ಹಟ. ಹಣೆಗೆ ವಿಭೂತಿ, ಕೊರಳಿಗೆ ಲಿಂಗ, ಕೈಯಲ್ಲಿ ಟ್ರಂಕು — ಹಾಗೆ ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಹೋದೆ. ಅಲ್ಲಿ ನಾನು ಎಲ್ಲರಿಗಿಂತ ಮುಂದಿದ್ದದ್ದು ಒಂದರಲ್ಲಿ ಮಾತ್ರ — ಪ್ರೆಸಿ ರೈಟಿಂಗ್. ಉದ್ದನೆಯ ಪ್ಯಾಸೇಜು ಕೊಟ್ಟು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿ ಬರೆಯಿರಿ ಅನ್ನುತ್ತಿದ್ದರು. ಇಂಗ್ಲಿಷ್ ಕಲಿಸುವ ಸಿಸ್ಟರ್ ನನ್ನ ಹಿಂದೆ ನಿಂತು, "ಕಟ್, ಚೈಲ್ಡ್, ಕಟ್" ಅನ್ನುವರು. ನಾನು ಕತ್ತರಿಸುತ್ತಿದ್ದೆ. ಕತ್ತರಿಸಿದ್ದು ಎಲ್ಲಿ ಹೋಗಿ ಬೀಳುತ್ತದೆ ಎಂದು ಯಾರೂ ಕಲಿಸಲಿಲ್ಲ — ಅಲ್ಲ, ಕಲಿಸಿದ್ದರು. ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಅದೇ ಸಿಸ್ಟರ್ ಹೇಳಿದ್ದರು: ಮಾಡಿದ ಪಾಪ ಒಂದು, ಮಾಡಬೇಕಾದ್ದನ್ನು ಬಿಟ್ಟ ಪಾಪ ಇನ್ನೊಂದು. ಸಿನ್ ಆಫ್ ಒಮಿಷನ್. ಪರೀಕ್ಷೆಯಲ್ಲಿ ಅದರ ಡೆಫಿನಿಷನ್ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡಿದ್ದೆ.

ಮದುವೆಯಾಗಿ ಬನಹಟ್ಟಿಗೆ ಬಂದೆ. ಇಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಊರು ಈಗಲೂ ನನ್ನನ್ನು ಅಕ್ಕೋರ ಎಂದೇ ಕರೆಯುತ್ತದೆ.

ರಿಟೈರಾಗಿ ಎರಡು ವರ್ಷಕ್ಕೆ ಆ ಕಂಪನಿ ಬಂತು. ಹೊರದೇಶದ್ದು, ಹೆಸರು ಬೇಡ. ಎಲ್ಲೋ ಚಳಿ ದೇಶಗಳಲ್ಲಿ ಗಿಡ ಬೆಳೆಸಿ, ಕಡಿದು, ಬೇಯಿಸಿ ಪಲ್ಪ್ ಮಾಡುತ್ತಾರೆ. ಆ ಪಲ್ಪಿನಿಂದ ಎಳೆ ತೆಗೆಯುತ್ತಾರೆ, ಎಳೆಯಿಂದ ಮಿಲ್ಲುಗಳು ನೂಲು ಮಾಡುತ್ತವೆ. ಹತ್ತಿ ನೂಲು ತುಟ್ಟಿಯಾಗಿ ಓಣಿಯಲ್ಲಿ ಅರ್ಧ ಮಗ್ಗ ಸುಮ್ಮನೆ ಕೂತಿದ್ದ ಕಾಲ ಅದು. ಕಂಪನಿಯವರು ಒಂದು ಶೆಡ್ಡು ಹಿಡಿದರು, ಟ್ರೇನಿಂಗ್ ಇಟ್ಟರು, ಇಲ್ಲಿನ ನೂಲಿನ ಅಂಗಡಿಗಳಿಗೆ ತಮ್ಮ ನೂಲು ಬರುವಂತೆ ಮಾಡಿದರು. ಕಟ್ಟಿಗೆಯಿಂದ ಸೀರೆ ಅಂದಾಗ ಜನ ನಕ್ಕರು. ನಮ್ಮ ಓಣಿಯಲ್ಲಿ ನೆಲದ ಕುಣಿಯಲ್ಲಿ ಕೂತು ನೇಯುವ ಎಂಟು ಕುಣಿಮಗ್ಗ ಇಟ್ಟಿದ್ದ ಈರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. "ಹಂಗಾರ ಇದನ್ನ ಉಟಗೊಂಡಾಕಿ ಒಲಿ ಮುಂದ ಕುಂಡ್ರೂ ಹಂಗಿಲ್ಲ ಬಿಡ್ರಿ" ಅಂದ. ಆದರೆ ನೂಲನ್ನು ಕೈಯಲ್ಲಿ ಹಿಡಿದ ಮೇಲೆ ನಗು ನಿಂತಿತು. ಅಷ್ಟು ನುಣುಪು, ಅಷ್ಟು ಹೊಳಪು. ಮೊದಲ ಗಂಟು ತಂದವನೂ ಅವನೇ.

ಕಂಪನಿಯ ಅಧಿಕಾರಿ ಮಂಗಳವಾರಕ್ಕೊಮ್ಮೆ ಜಮಖಂಡಿಯಿಂದ ಕಾರಿನಲ್ಲಿ ಬರುವರು. ದೂರದ ಊರಿನವರು, ಕನ್ನಡ ಬಾರದು. ನೂಲಿನ ಸ್ಪೆಸಿಫಿಕೇಷನ್ ಶೀಟು ನಾಲ್ಕು ಪುಟ, ಎಲ್ಲ ಇಂಗ್ಲಿಷು. ಅದನ್ನು ಒಂದು ಪುಟದ ಕನ್ನಡ ಲೀಫ್‌ಲೆಟ್ ಮಾಡಿಕೊಡಿ ಎಂದು ನನ್ನ ಮನೆಗೆ ಬಂದರು. ಮಾತಾಡುತ್ತ, "ಮ್ಯಾಡಮ್, ಯುವರ್ ಇಂಗ್ಲಿಷ್ ಈಸ್ ಬೆಟರ್ ದ್ಯಾನ್ ಮೈನ್" ಅಂದರು. ಎರಡು ವರ್ಷದಿಂದ ನನ್ನ ಇಂಗ್ಲಿಷನ್ನು ಯಾರೂ ಕೇಳಿರಲಿಲ್ಲ. ಆ ಮಾತು ಹೇಗೆ ಒಳಗೆ ಇಳಿಯಿತು ಎಂದರೆ — ಟು ಬಿ ಫ್ರ್ಯಾಂಕ್, ಈಗಲೂ ನೆನೆದರೆ ಸಣ್ಣಗೆ ಖುಷಿಯಾಗುತ್ತದೆ.

ಶೀಟಿನ ಮೂರನೆಯ ಪುಟದ ಕೆಳಗೆ ಒಂದು ಸಾಲಿತ್ತು. ನೆನೆದಾಗ ಈ ನೂಲಿನ ಬಲ ಅರ್ಧಕ್ಕೆ ಇಳಿಯುತ್ತದೆ; ಹಸಿ ಇದ್ದಾಗ ಎಳೆಯಬಾರದು.

ನಾನು ಅದನ್ನು ಓದಿದೆ. ಕನ್ನಡಕ್ಕೂ ತಂದೆ. ಆಮೇಲೆ ಜಾಗ ಸಾಲಲಿಲ್ಲ. ಹೊಳಪು, ಬಣ್ಣ, ನುಣುಪು ಎಂದು ಚಂದವಾಗಿ ಹೋಗುತ್ತಿದ್ದ ಪುಟದಲ್ಲಿ ಆ ಸಾಲು ಊಟದ ನಡುವೆ ಸಿಕ್ಕ ಕಲ್ಲಿನಂತೆ ಕಂಡಿತು. ಹೊಡೆದು ಹಾಕಿದೆ. ಅಧಿಕಾರಿ ಹೇಳಿರಲಿಲ್ಲ, ಕಂಪನಿ ಹೇಳಿರಲಿಲ್ಲ. ಅವರ ಕಾಗದದಲ್ಲಿ ಖರೆ ಇತ್ತು. ತೆಗೆದವಳು ನಾನು. ಪುಟದ ಅಡಿಯಲ್ಲಿ ಕನ್ನಡಕ್ಕೆ ತಂದವರು ಎಂದು ನನ್ನ ಹೆಸರು ಹಾಕಲು ಮಾತ್ರ ಜಾಗ ಸಿಕ್ಕಿತು.

ಇನ್ನು ಇದನ್ನು ಹೇಗೆ ಹೇಳಲಿ — ಹಸಿ ನೂಲನ್ನು ಎಳೆಯುವುದು ನಮ್ಮ ಓಣಿಯ ದಿನನಿತ್ಯದ ಕೆಲಸ. ಕುಣಿಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಹೋಗುವ ಎಳೆಗೆ, ಗಂಜಿ ಹಾಕಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ ಓಣಿಯುದ್ದಕ್ಕೂ ಕವೆಗೋಲು ನೆಟ್ಟು ಹಾಸು ಚಾಚುತ್ತಾರೆ, ಗಂಜಿ ಸವರಿ, ಹಸಿ ಇರುವಾಗಲೇ ಎರಡೂ ತುದಿಗೆ ಮಂದಿ ನಿಂತು ಹಗ್ಗ ಹಚ್ಚಿ ಜಗ್ಗುತ್ತಾರೆ. ಹತ್ತಿ ನೆನೆದಷ್ಟೂ ಗಟ್ಟಿ; ಅಜ್ಜ ಮುತ್ತಜ್ಜರ ಕಾಲದಿಂದ ಅದೇ ಭರವಸೆಯ ಮೇಲೆ ನಡೆದ ಕೆಲಸ. ಮೂವತ್ತು ವರ್ಷ ನಾನು ಶಾಲೆಗೆ ಹೋಗುವಾಗ ಸೀರೆ ನೆರಿಗೆ ಎತ್ತಿ ಹಿಡಿದು ಆ ಹಾಸನ್ನು ಸುತ್ತುಬಳಸಿ ಹೋಗಿದ್ದೇನೆ. ಸಾಲು ಹೊಡೆದು ಹಾಕುವಾಗ ಅದು ನೆನಪಿಗೆ ಬರಲಿಲ್ಲ. ನೋಡಿದ್ದೆನೇ ಹೊರತು, ಕಂಡಿರಲಿಲ್ಲ.

ಆ ಗಂಜಿ ಕಸ್ತೂರೆವ್ವನದು. ಓಣಿಯ ಹಾಸುಗಳಿಗೆಲ್ಲ ಆಕೆಯ ಕೈಯೇ ಬೇಕು. ಗಂಜಿಯನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿ ನೋಡುವಳು. ಅದು ಹರಿಯದೆ ಎಳೆಯಾಗಿ ನಿಂತರೆ ಮಾತ್ರ ಗಡಿಗೆ ಇಳಿಸುವಳು. ಓಣಿಯಲ್ಲಿ ಒಂದು ರೂಢಿ ಇತ್ತು. ಗಂಜಿಯ ದೆಸೆಯಿಂದ ಹಾಸು ಹರಿದರೆ, ಹಾಕಿದಾಕೆ ತನ್ನ ಗಡಿಗೆಯನ್ನು ಬಾಗಿಲ ಪಕ್ಕ ಬೋರಲು ಇಡಬೇಕು. ಹಾಸಿನ ಯಜಮಾನ ತಾನೇ ಬಂದು ಅದನ್ನು ಎತ್ತಿ ನಿಲ್ಲಿಸುವ ತನಕ ಆಕೆ ಯಾರ ಹಾಸನ್ನೂ ಮುಟ್ಟುವ ಹಾಗಿಲ್ಲ. ಕಸ್ತೂರೆವ್ವನ ಗಡಿಗೆ ಒಮ್ಮೆಯೂ ಬೋರಲು ಬಿದ್ದಿರಲಿಲ್ಲ.

ಈರಪ್ಪನ ಹೊಸ ನೂಲಿನ ಮೊದಲ ಹಾಸು, ಮುಧೋಳದ ಒಂದು ಅಂಗಡಿಯವರು ಹೇಳಿಟ್ಟ ಸೀರೆಗಳದು. ಹೊಸ ನೂಲೆಂದು ಓಣಿಯೆಲ್ಲ ನೋಡಲು ನಿಂತಿತ್ತು; ನಾನೂ ಕಟ್ಟೆಯ ಹತ್ತಿರ ನಿಂತಿದ್ದೆ. ಗಂಜಿ ಸವರುತ್ತ ಸವರುತ್ತ ಕಸ್ತೂರೆವ್ವ ತಡೆದಳು. "ಈರಪ್ಪಣ್ಣಾ, ಇದು ಹಸಿ ಆದ ಕೂಡ್ಲೆ ಕೈಯಾಗ ಸತ್ತಂಗ ಆಕ್ಕೈತಿ. ಜಗ್ಗಬ್ಯಾಡ್ರಿ, ಸ್ವಲ್ಪ ತಡೀರಿ."

"ನೀ ಸವರ ಬೇ, ಜಗ್ಗೂದು ನಮಗ ಬಿಡು," ಅಂದ ಈರಪ್ಪ.

ಜಗ್ಗಿದರು. ಹಾಸು ನಡುವೆ ಹರಿಯಿತು. ಹತ್ತಿ ಹರಿದರೆ ಸಪ್ಪಳವಾಗುತ್ತದೆ. ಇದಕ್ಕೆ ಸಪ್ಪಳವೂ ಇಲ್ಲ. ಹಗ್ಗ ಹಿಡಿದ ಇಬ್ಬರು ಹಿಂದಕ್ಕೆ ಬಿದ್ದರು, ನೂಲು ಮಣ್ಣಿನಲ್ಲಿ ಮಲಗಿತು.

"ನಿನ್ನ ಗಂಜಿ ಹಳಸೇತಿ," ಅಂದ ಈರಪ್ಪ.

ಕಸ್ತೂರೆವ್ವ ಬಗ್ಗಿ ಗಡಿಗೆಯಿಂದ ಒಂದು ಬೊಗಸೆ ಗಂಜಿ ತೆಗೆದು ಎಲ್ಲರ ಮುಂದೆ ಕುಡಿದಳು. ಬಾಯಿ ಒರಸಿಕೊಂಡು, "ಹುಳಿ ಐತೇನ, ನೀನೂ ಕುಡದು ನೋಡ ಬಾ" ಅಂದಳು.

ಮಂದಿ ನಕ್ಕರು. ಹಿಂದಿನಿಂದ ಯಾರೋ, "ಗಂಜಿ ಛಲೋನ ಐತಿ ಬಿಡಪಾ, ವಯಸ್ಸಾತು, ಕೈ ಹೋತು" ಅಂದರು. ಅದಕ್ಕೆ ಯಾರೂ ನಗಲಿಲ್ಲ. ಆಗ ಆಕೆ ತಿರುಗಿ ನನ್ನ ಕಡೆ ನೋಡಿದಳು.

"ಅಕ್ಕೋರ, ನೀವು ಓದೀರಿ. ಆ ಕಂಪನಿ ಕಾಗದದಾಗ ನೀರಿನ ಬಗ್ಗೆ ಏನರ ಬರ್ದಾರೇನ್ರಿ?"

ಶೀಟು ನನ್ನ ಮನೆಯ ಕಪಾಟಿನಲ್ಲಿತ್ತು, ಹತ್ತು ಹೆಜ್ಜೆ ದೂರ. ಲೀಫ್‌ಲೆಟ್ ಈರಪ್ಪನ ಜೇಬಿನಲ್ಲಿತ್ತು, ನನ್ನ ಹೆಸರಿನ ಸಮೇತ. ಇಪ್ಪತ್ತು ಮೂವತ್ತು ಮುಖ — ಅರ್ಧ ಮಂದಿ ನನ್ನ ಕೈಯಲ್ಲಿ ಕಲಿತವರು. ಅಕ್ಕೋರು ಒಂದು ಸಾಲು ನುಂಗಿದರು ಎಂದು ಅವರು—

"ಏನೂ ಇಲ್ಲ" ಅಂದೆ.

ಆಕೆ ತನ್ನ ಬಲಗೈ ತಿರುಗಿಸಿ ನೋಡಿಕೊಂಡಳು. ಅಷ್ಟೇ. ಗಡಿಗೆಯಲ್ಲಿ ಉಳಿದಿದ್ದನ್ನು ಚರಂಡಿಗೆ ಚೆಲ್ಲಿ, ತೊಳೆದು, ಬಾಗಿಲ ಪಕ್ಕ ಬೋರಲು ಇಟ್ಟಳು.

ಮುಂದಿನ ಮಂಗಳವಾರ ಅಧಿಕಾರಿ ಬಂದು, "ಎನಿ ಫೀಡ್‌ಬ್ಯಾಕ್, ಮ್ಯಾಡಮ್?" ಅಂದರು. ಅವರಿಗೆ ಹೇಳಿದ್ದರೆ ಕಾರಿನಿಂದ ಇಳಿದು ಅಲ್ಲೇ ಎಲ್ಲರಿಗೂ ತಿಳಿಸಿ ಹೋಗುತ್ತಿದ್ದರು, ಅಂಥ ಮನುಷ್ಯ. ನಾನು "ನಥಿಂಗ್ ಮಚ್" ಅಂದೆ. ಮೊದಲನೆಯದು ಕನ್ನಡದಲ್ಲಿ, ಎರಡನೆಯದು ಇಂಗ್ಲಿಷಿನಲ್ಲಿ. ಎರಡು ಭಾಷೆ ಬರುವುದರ ಉಪಯೋಗ.

ಈರಪ್ಪ ಗಡಿಗೆ ಎತ್ತಲು ಬರಲಿಲ್ಲ. ಮುಂದಿನ ಹಾಸನ್ನು ಗಂಜಿ ಮಶೀನು ಇರುವ ಊರಿಗೆ ಕಳಿಸಿದ. ಅಲ್ಲಿ ಹಸಿ ಇರುವಾಗ ಯಾರೂ ಜಗ್ಗುವುದಿಲ್ಲ; ಅದು ಹರಿಯದೆ ಒಣಗಿ ಬಂತು. ನೋಡಿದಿರಾ, ನೂಲಿನ ತಪ್ಪಲ್ಲ, ಕಸ್ತೂರೆವ್ವನ ಕೈಯದೇ ತಪ್ಪು ಎಂದು ಓಣಿ ತೀರ್ಮಾನಿಸಿತು. ಆಮೇಲೆ ಎಲ್ಲರದೂ ಟೆಂಪೋದಲ್ಲಿ ಹೋಗಿ ಟೆಂಪೋದಲ್ಲಿ ಬರತೊಡಗಿತು. ಈಗ ಕವೆಗೋಲು ಹುಡುಕಿದರೂ ಸಿಗುವುದಿಲ್ಲ. ಕಂಪನಿಯನ್ನು ನಾನು ಬಯ್ಯಲಾರೆ. ಸುಮ್ಮನೆ ಕೂತಿದ್ದ ಮಗ್ಗಗಳು ಅದರಿಂದ ಎದ್ದವು, ಪವರ್‌ಲೂಮು ಹೆಚ್ಚಿದವು. ಬೀಳಗಿಯ ಸಣ್ಣ ಅಂಗಡಿಯಲ್ಲೂ ಆ ಬಟ್ಟೆಯ ಕುರ್ತಾ ತೂಗುತ್ತದೆ. ಎಷ್ಟೋ ಮನೆಯ ಒಲೆ ಆ ಕಟ್ಟಿಗೆಯಿಂದಲೇ ಉರಿಯುತ್ತಿದೆ ಅನ್ನಬಹುದು. ಕಸ್ತೂರೆವ್ವ ಮಾತ್ರ ಕಂಡವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಳು. ಹೇಗಿದ್ದರೂ ಮಶೀನು ಬಂದು ಆಕೆಯ ಕೆಲಸ ಹೋಗುತ್ತಿತ್ತು ಎಂದು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆ. ಹೋಗುತ್ತಿತ್ತು, ಖರೆ. ಕೆಲಸ ಹೋಗುವುದು ಬೇರೆ, ಕೈ ಹೋತು ಅನ್ನಿಸಿಕೊಳ್ಳುವುದು ಬೇರೆ.

ಹೋದ ತಿಂಗಳು ನನ್ನದೊಂದು ಮೆತ್ತನೆಯ ಸೀರೆ ಒಗೆದು ಹಿಂಡುತ್ತಿದ್ದೆ. ಅದೇ ನೂಲಿನದು; ಈಗ ಎಲ್ಲರ ಮೈಮೇಲೂ ಅದೇ. ಹಳೆಯದಾಗಿತ್ತು — ಹಿಂಡುವಾಗ ನನ್ನ ಈ ಶಕ್ತಿಯಿಲ್ಲದ ಕೈಯಲ್ಲೇ ಹರಿಯಿತು. ಸಪ್ಪಳವಿಲ್ಲದೆ. ಕೈಯಾಗ ಸತ್ತಂಗ — ಆ ಮಾತು ಏನೆಂದು ಹದಿನಾಲ್ಕು ವರ್ಷದ ಮೇಲೆ ನನ್ನ ಕೈಗೆ ತಿಳಿಯಿತು.

ನಿನ್ನೆ ಮಧ್ಯಾಹ್ನ ಕಪಾಟಿನಲ್ಲೇ ಉಳಿದಿದ್ದ ಆ ನಾಲ್ಕು ಪುಟದ ಶೀಟು ತೆಗೆದುಕೊಂಡು ಕಸ್ತೂರೆವ್ವನ ಮನೆಗೆ ಹೋದೆ. ಗಡಿಗೆ ಇನ್ನೂ ಬಾಗಿಲ ಪಕ್ಕ ಬೋರಲೇ ಇತ್ತು, ಮೈಯೆಲ್ಲ ಗೋಡೆಗೆ ಬಳಿದ ಸುಣ್ಣದ ಕಲೆ. ಮೂರನೆಯ ಪುಟದ ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಓದಿದೆ — ಯಾಕೆ ಹಾಗೆ ಮಾಡಿದೆನೋ — ಆಮೇಲೆ ಕನ್ನಡದಲ್ಲಿ ಹೇಳಿದೆ. ನಾನೇ ಹೊಡೆದು ಹಾಕಿದ್ದು, ಗೊತ್ತಿದ್ದೂ ಇಲ್ಲ ಅಂದದ್ದು, ಎಲ್ಲ ಹೇಳಿದೆ.

ಆಕೆ ಕಂಡಿಕೆ ಸುತ್ತುವುದು ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಾಗಿತ್ರಿ, ಅಕ್ಕೋರ. ನೂಲು ಕೈಗೆ ಹೇಳತೈತಿ. ಆದರ ನೀವು ಇಂಗ್ಲಿಷ್ ಕಲತವರು, ಕಾಗದದಾಗ ಏನೂ ಇಲ್ಲ ಅಂದ್ರಿ. ಹಂಗಾರ ನನ್ನ ಕೈನ ಸುಳ್ಳು ಹೇಳಾಕತ್ತೈತಿ ಅಂತ ತಿಳಕೊಂಡ್ನಿ." ತುಂಬಿದ ಕಂಡಿಕೆ ತೆಗೆದು ಇನ್ನೊಂದು ಹಾಕಿದಳು. "ಅವತ್ತಿನಿಂದ ಮನ್ಯಾಗ ರೊಟ್ಟಿ ಹಿಟ್ಟು ನಾದೂವಾಗೂ ಹದಾ ಬಂದೈತೋ ಇಲ್ಲೋ ಅಂತ ಸೊಸೀನ ಕೇಳತೀನ್ರಿ."

ನಾನು ಅಂದುಕೊಂಡಿದ್ದು ಮಂದಿ ಆಕೆಯ ಕೈಯನ್ನು ನಂಬಲಿಲ್ಲ ಎಂದು. ಆಕೆಯೇ — ಇದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಆಕೆ ಬಿಡಲಿಲ್ಲ.

"ನನ್ನ ಮುಂದ ಹೇಳಿದರ ಏನ ಬಂತ್ರಿ? ನನಗ ಗೊತ್ತಿದ್ದದ್ದನ್ನ ನನಗ ಹೇಳಿದಂಗ ಆತು. ಇಲ್ಲ ಅಂದದ್ದು ಎಲ್ಲಿ? ಕಟ್ಟಿ ಕಡೆ ಅಲ್ಲೇನು? ಅಲ್ಲೇ ಹೇಳ್ರಿ. ಈರಪ್ಪಣ್ಣ ಇನ್ನೂ ಬದಕ್ಯಾನ, ದಿನಾ ನಾಕಕ್ಕ ಚಾ ಕುಡ್ಯಾಕ ಬರತಾನ. ಗಡಿಗಿ ನಾ ಎತ್ತೂದಿಲ್ಲ, ನೀವೂ ಎತ್ತಬ್ಯಾಡ್ರಿ."

ಅದಕ್ಕೇ ಇದನ್ನು ಬರೆದೆ. ಬಾಯಿಂದ ಹೇಳಲು ಹೋದರೆ ಮತ್ತೆ ಎಲ್ಲಾದರೂ ಕತ್ತರಿಸುತ್ತೇನೆ. ನನ್ನ ಅಭ್ಯಾಸ ನನಗೆ ಗೊತ್ತು. ಇವತ್ತು ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ನಿಂತು ಮೊದಲ ಸಾಲಿನಿಂದ ಓದುತ್ತೇನೆ. ಯಾರು ಏನು ಅನ್ನುತ್ತಾರೋ ಅನ್ನಲಿ. ಈರಪ್ಪ ಎದ್ದು ಗಡಿಗೆಯ ಹತ್ತಿರ ಹೋಗುತ್ತಾನೋ, ಚಹಾ ಮುಗಿಸಿ ಮನೆಗೆ ಹೋಗುತ್ತಾನೋ — ಅದು ನನ್ನ ಕೈಯಲ್ಲಿಲ್ಲ.

ನೀನೂ ಬಾ ಎಂದು ಕಸ್ತೂರೆವ್ವನನ್ನು ಕರೆದೆ.

"ನಾ ಯಾಕ ಬರ್ಲಿ? ನನ್ನ ಮನಿ ಕಟ್ಟಿ ಎದರಿಗೇ ಐತಿ, ಕೇಳಸತೈತಿ. ದನಿ ಮಾತ್ರ ಸಾಲ್ಯಾಗಿನಂಗ ಇರ್ಲಿ."

ನನ್ನ ದನಿ ಈಗ ಅಷ್ಟು ಏರುವುದಿಲ್ಲ. ಆಕೆಯ ಬಾಗಿಲಿಗೆ ಮುಟ್ಟುವಷ್ಟು ಏರಿಸುತ್ತೇನೆ.