ರತ್ನಮ್ಮನ ಕೈಗುಣ

ಬಂಗಾರಪೇಟೆಯ ನಮ್ಮ ಹೈಡ್ರಾಲಿಕ್ ಕಾರ್ಖಾನೆಗೆ ಯಾವ ಹೊಸ ಮಿಷನ್ ಬಂದರೂ, ಪೂಜೆ ಮಾಡಿ ಮೊದಲ ಸ್ವಿಚ್ ಒತ್ತುವವಳು ಕ್ಯಾಸಂಬಳ್ಳಿಯ ವೆಂಕಟರತ್ನಮ್ಮ. ಅವಳ ಕೈಗುಣ ಒಳ್ಳೆಯದು, ಅವಳು ಶುರುಮಾಡಿದ್ದು ಕೆಟ್ಟು ನಿಲ್ಲುವುದಿಲ್ಲ ಅಂತ ಎಲ್ಲರ ನಂಬಿಕೆ. ಮಿಕ್ಕ ಹೊತ್ತು ಅವಳು ನನ್ನ ಪಕ್ಕದ ಮೇಜಿನಲ್ಲಿರುತ್ತಾಳೆ. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಟಿಪ್ಪರ್ ಲಾರಿಯ ಸಿಲಿಂಡರುಗಳಿಗೆ ಕೈಯಲ್ಲೇ ತೊಡಿಸುತ್ತಾಳೆ.

ಸೋಮವಾರ ಮ್ಯಾನೇಜರ್ ಸುಧಾಕರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಸುದ್ದಿ ಹೇಳಿದರು. ದೊಡ್ಡ ಕಂಪನಿಯೊಂದು ನಮ್ಮ ಕಾರ್ಖಾನೆಯನ್ನು ಕೊಂಡಿದೆಯಂತೆ. ಇನ್ನು ಸೀಲು ತೊಡಿಸುವುದಕ್ಕೂ ಮಿಷನ್ ಬರುತ್ತದಂತೆ. ರತ್ನಮ್ಮ ತಿಂಗಳ ಕೊನೆಗೆ ಕೆಲಸ ಬಿಡಬೇಕಂತೆ. ಆಮೇಲೆ ಮೈಸೂರು ಪಾಕ್ ಹಂಚಿದರು. ಅದೊಂದು ಬೇರೆ ಕೇಡು!

ಗುರುವಾರ ಆ ಮಿಷನ್ ಬಂತು.

"ರತ್ನಮ್ಮಾ, ಪೂಜೆ ನೀವೇ ಮಾಡ್ಬೇಕು," ಅಂದರು ಸುಧಾಕರ್.

ಈ ಮನುಷ್ಯನಿಗೆ ನಾಚಿಕೆಯಾದರೂ ಬೇಡವೇ ಅಂತ ನನಗೆ ಮೈಯೆಲ್ಲಾ ಉರಿಯಿತು. "ಓಗ್ಬೇಡ ಕಣಕ್ಕಾ," ಅಂದೆ.

"ಕರೆದವ್ರಲ್ವಾ, ಬಿಡು," ಅಂದಳು.

ಎಂದಿನಂತೆ ಕೈ ತೊಳೆದುಕೊಂಡು, ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆದು ಸ್ವಿಚ್ ಒತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಸಂಜೆ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಿದ್ದಳು. ಒಡೆದ ಕಾಯಿಯ ಒಂದು ಹೋಳು ಅವಳ ಮಡಿಲಲ್ಲಿತ್ತು. ಅವಳ ಊರು ಬಂತು. ಎದ್ದವಳು ನನ್ನ ಕಡೆ ತಿರುಗಿದಳು.

"ಸುಕನ್ಯಾ, ನಾವು ಹೊರಟು ಬರೋವರ್ಗೂ ಆ ಮಿಷನ್ನು ಕೆಟ್ಟು ನಿಲ್ಲಲಿಲ್ಲ ತಾನೇ?"

"ಇಲ್ಲಕ್ಕಾ."

"ಸದ್ಯ," ಅಂದು ಇಳಿದುಹೋದಳು.